ಮಾವನ ಮೊಣಕಾಲು, ಬೊಂಬಾಯಿಯ ಅರ್ಜಿ

ಅರ್ಜಿಯ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಈ ಶಿಕ್ಷಣವನ್ನು ಏಕೆ ಬಯಸುತ್ತೀರಿ ಎಂಬುದನ್ನು ಒಂದು ಪುಟ ಮೀರದಂತೆ, ಇಂಗ್ಲಿಷಿನಲ್ಲಿ, ನಿಮ್ಮದೇ ಕೈಬರಹದಲ್ಲಿ ಬರೆಯಿರಿ. ಉಳಿದದ್ದೆಲ್ಲ ಸುಲಭ. ಹುಟ್ಟಿದ ಊರು, ಓದಿದ ಕಾಲೇಜು, ಬಿ.ಎಸ್ಸಿ.ಯಲ್ಲಿ ಬಂದ ಕ್ಲಾಸು, ಇವನ್ನೆಲ್ಲ ಒಂದೇ ಸಂಜೆಯಲ್ಲಿ ತುಂಬಿದ್ದೆ. ಆ ಒಂದು ಪುಟಕ್ಕೆ ಬಂದಾಗ ಮಾತ್ರ ಪೆನ್ನು ನಿಲ್ಲುತ್ತಿತ್ತು. ಬರೆಯಲು ಕೂತಾಗಲೆಲ್ಲ ಹುಲಿಕುಂಟೆಯ ನಮ್ಮ ಹೊಲದ ಬಾವಿ ಕಾಣಿಸುತ್ತಿತ್ತು. ಬಾವಿಯ ಮೇಲಿನ ಗಾಲಿ, ಗಾಲಿಯ ಮೇಲೆ ಬಿಗಿದು ನಿಂತ ಹಗ್ಗ, ಹಗ್ಗದ ಮೇಲೆ ಕೂತು ಎತ್ತುಗಳ ಜೊತೆ ಇಳಿಜಾರಿನಲ್ಲಿ ಇಳಿದು ಹೋಗುತ್ತಿದ್ದ ನಮ್ಮ ಮಾವ. ಅಲ್ಲಿಂದ ಮುಂದಕ್ಕೆ ನನ್ನ ಇಂಗ್ಲಿಷು ಹೋಗುತ್ತಿರಲಿಲ್ಲ.

ಅದು ಐವತ್ತರ ದಶಕದ ಕೊನೆಯ ಮಾತು. ನಮ್ಮ ಕಡೆ ಆಗಿನ್ನೂ ಪಂಪುಸೆಟ್ಟು ಬಂದಿರಲಿಲ್ಲ. ನೀರೆತ್ತುವುದು ಕಪಿಲೆಯಿಂದ. ದೊಡ್ಡ ಚರ್ಮದ ಬಾನಿಯನ್ನು ಬಾವಿಗೆ ಬಿಟ್ಟು, ಅದರ ಹಗ್ಗವನ್ನು ಗಾಲಿಯ ಮೇಲಿಂದ ತಂದು ಎತ್ತುಗಳ ನೊಗಕ್ಕೆ ಕಟ್ಟುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಬಾನಿ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಹಿಂದಕ್ಕೆ ಹತ್ತಿದರೆ ಬಾನಿ ಮತ್ತೆ ಬಾವಿಗೆ ಇಳಿಯುತ್ತದೆ. ಎತ್ತುಗಳು ಇಳಿಜಾರು ಇಳಿಯುವಾಗ ಅವನ್ನು ಹೊಡೆಯುವವನು ತನ್ನ ಭಾರವೂ ಎತ್ತುಗಳಿಗೆ ಸಹಾಯವಾಗಲೆಂದು ಹಗ್ಗದ ಮೇಲೆ ಕೂತುಬಿಡುತ್ತಾನೆ. ನಮ್ಮ ಮಾವ, ಅಂದರೆ ನನ್ನ ತಾಯಿಯ ತಮ್ಮ, ಹಾಗೆ ಕೂತಾಗ ಉಯ್ಯಾಲೆಯಲ್ಲಿ ಕೂತ ಹುಡುಗನ ಹಾಗೆ ಕಾಣುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ತನ್ನ ಮನೆಗೆ ಕರೆದುಕೊಂಡು ಬಂದವನು ಅವನು. ಊರಿನವರು ಹುಡುಗಿಗೆ ಯಾಕೆ ಅಷ್ಟು ಓದು ಎಂದಾಗ ನನ್ನನ್ನು ತುಮಕೂರಿನ ಕಾಲೇಜಿಗೆ ಸೇರಿಸಿದವನೂ ಅವನೇ.

ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ಒಂದು ಬೆಳಗ್ಗೆ ಮಾವನಿಗೆ ಬುತ್ತಿ ಕೊಟ್ಟು, ತೊಟ್ಟಿಯ ಹತ್ತಿರ ಕೈ ತೊಳೆಯಲು ಬಗ್ಗಿದ್ದೆ. ಚಟ್ಟೆಂದು ಹಗ್ಗ ಹರಿಯಿತು. ಹರಿದ ತುದಿ ಹಿಂದಕ್ಕೆ ಹಾರಿ, ಬಗ್ಗಿದ್ದ ನನ್ನ ತಲೆಯ ಮೇಲೆ ಹಾದು, ಗಾಲಿಗೆ ಬಡಿದು, ಬಾನಿಯ ಜೊತೆ ಬಾವಿಗೆ ಬಿತ್ತು. ಆ ಸದ್ದು, ಕಿವಿಯ ಮೇಲೆ ಬೀಸಿದ ಗಾಳಿ, ಇಷ್ಟೇ ನನಗೆ ಗೊತ್ತಾದದ್ದು. ತಲೆಯೆತ್ತಿ ನೋಡಿದರೆ, ಭಾರ ತಪ್ಪಿದ ಎತ್ತುಗಳು ಮುಗ್ಗರಿಸಿಕೊಂಡು ಓಡುತ್ತಿದ್ದವು. ಮಾವ ಇಳಿಜಾರಿನ ಕೆಳಗಿನ ಚಪ್ಪಡಿಯ ಮೇಲೆ ಬಿದ್ದಿದ್ದ. ಅವನ ಬಲಗಾಲು ಕಾಲು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ.

ನಾನು ಬಗ್ಗದೆ ನಿಂತಿದ್ದರೆ? ಎತ್ತು ಅವನ ಮೇಲೆ ತಿರುಗಿಬಿದ್ದಿದ್ದರೆ? ಈ ಪ್ರಶ್ನೆಗಳನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಈ ವಯಸ್ಸಿನಲ್ಲೂ, ಯಾರಾದರೂ ಬಟ್ಟೆ ಒಣಹಾಕುವ ಹಗ್ಗವನ್ನು ಜಗ್ಗಿ ಕಟ್ಟುತ್ತಿದ್ದರೆ ನಾನು ಆ ಕಡೆ ನಿಲ್ಲುವುದಿಲ್ಲ.

ತೊಡೆಯ ಮೂಳೆ ಮೊಣಕಾಲಿನ ಸ್ವಲ್ಪ ಮೇಲೆ ಮುರಿದಿತ್ತು. ನಮ್ಮಲ್ಲಿ ಮೂಳೆ ಮುರಿದರೆ ಪಾವಗಡದ ಆಚೆ, ಆಂಧ್ರದ ಗಡಿಯ ಹಳ್ಳಿಯೊಂದರ ಕಟ್ಟು ಕಟ್ಟುವವನನ್ನು ಕರೆಸುವುದು ರೂಢಿ. ಅವನು ಬಂದು, ಕಾಲನ್ನು ಎಳೆದು ಕೂರಿಸಿ, ಮೊಟ್ಟೆಯಲ್ಲಿ ನೆನೆಸಿದ ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಹೊರಡುವಾಗ ಬೆರಳೆತ್ತಿ, "ಕದಲಕೂಡದು ಸಾಮೀ, ಎಮುಕ ಅತುಕ್ಕೋವಾಲ" ಎಂದ. ಮೂಳೆ ಕೂಡುವ ತನಕ ಅಲುಗಾಡಬಾರದು ಎಂದು. ಅವನ ಕೆಲಸದಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ಹೇಳಿದ ಸಮಯಕ್ಕೆ ಬಂದು ಕಟ್ಟು ಬಿಚ್ಚಿದ, ಮೂಳೆ ನೆಟ್ಟಗೆ ಕೂಡಿತ್ತು, ಇನ್ನು ಮೆಲ್ಲಗೆ ಓಡಾಡಿ ಎಂದು ಹೇಳಿಯೇ ಹೋದ.

ಆ ಕೊನೆಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಲಗಿರುವ ಯಜಮಾನ ತಾನಾಗಿ ಎದ್ದು ಚೊಂಬು ತೆಗೆದುಕೊಂಡರೆ ಅದು ಮನೆಯ ಹೆಂಗಸರಿಗೆ ಅವಮಾನ. ನೋಡಲು ಬಂದ ನೆಂಟರು ರೋಗಿ ಎಷ್ಟು ಕದಲದೆ ಮಲಗಿದ್ದಾನೆ ಎಂಬುದರ ಮೇಲೆ ಮನೆಯವರ ಪ್ರೀತಿಯನ್ನು ಅಳೆಯುತ್ತಿದ್ದರು. "ಎಂಥ ಹೆಂಡ್ತಿ ಪಡೆದವ್ನಪ್ಪಾ, ಒಂದು ಹುಲ್ಲುಕಡ್ಡೀನೂ ಎತ್ತಾಕೆ ಬುಡಾಕಿಲ್ಲ" ಎಂದು ಹೊಗಳಿ ಹೋಗುತ್ತಿದ್ದರು. ಹೊಗಳಿಕೆ ಕೇಳಿ ಅತ್ತೆ ಕಾಲ ಕೆಳಗೆ ಇನ್ನೊಂದು ದಿಂಬು ಇಡುತ್ತಿದ್ದಳು. ಅಮ್ಮ ಉಣಿಸುತ್ತಿದ್ದಳು. ನಾನೂ ಹಾಗೆಯೇ, ಅವನು ಕೆಮ್ಮಿದರೆ ನೀರು ಹಿಡಿದು ಓಡುತ್ತಿದ್ದೆ. ಬಾವಿಯ ಹತ್ತಿರ ಕಂಡ ಕಾಲು ಕಣ್ಣ ಮುಂದೆ ಇದ್ದುದರಿಂದ, ಅದು ಅಲುಗಿದರೆ ಮತ್ತೆ ಮುರಿಯುತ್ತದೆ ಎಂದೇ ನನಗೂ ಅನಿಸುತ್ತಿತ್ತು.

ಕೊನೆಗೆ ಅವನು ಏಳಲು ಹೊರಟಾಗ ಮೊಣಕಾಲು ಒನಕೆಯಂತಾಗಿತ್ತು. ಮಡಿಸಲು ಬರಲಿಲ್ಲ. ಎಲ್ಲರ ಜೊತೆ ನೆಲದ ಮೇಲೆ ಕೂತು ಉಣ್ಣುವಂತಿಲ್ಲ, ಹೊಲದಲ್ಲಿ ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಒಂದು ದಿನ ಅವನು ಗೋಡೆಯ ಕಡೆ ತಿರುಗಿಕೊಂಡು, "ಹೊರಕಡೀಕೆ ಹೋಗಾಕೂ ಇಬ್ರು ಆಳು ಬೇಕಾಯ್ತಲ್ಲ ಕಣವ್ವ ನಂಗೆ" ಎಂದ. ಹಾಗೆ ಹೇಳಿಕೊಳ್ಳುವ ಗಂಡಸಲ್ಲ ಅವನು. ಮಾರನೆಯ ದಿನವೇ ನಾನೂ ಅತ್ತೆಯೂ ಅವನನ್ನು ಗಾಡಿಯಲ್ಲಿ ಸಿರಾಕ್ಕೂ ಅಲ್ಲಿಂದ ಬಸ್ಸಿನಲ್ಲಿ ಮಧುಗಿರಿಯ ಆಸ್ಪತ್ರೆಗೂ ಕರೆದುಕೊಂಡು ಹೋದೆವು.

ಅಲ್ಲಿದ್ದ ಡಾಕ್ಟರಮ್ಮ ಮೈಸೂರಿನವರು. ಮದ್ರಾಸಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದಿದ್ದರು. ಕಾಲನ್ನು ಮುಟ್ಟಿ ನೋಡಿ ಮೊದಲು ಕಟ್ಟು ಕಟ್ಟಿದವನನ್ನು ಹೊಗಳಿದರು. ಆಮೇಲೆ ನಮ್ಮ ಕಡೆ ತಿರುಗಿ, "ಮೂಳೆ ಕೂಡಿ ಎಷ್ಟೋ ದಿನ ಆಗಿದೆಯಲ್ಲಮ್ಮ. ನೀವೆಲ್ಲ ಸೇರಿ ಇವರನ್ನ ಮಲಗಿಸಿಬಿಟ್ಟಿದ್ದೀರಿ" ಎಂದರು. ಅತ್ತೆಯ ಮುಖ ಸಣ್ಣದಾಯಿತು. ಡಾಕ್ಟರಮ್ಮ ನನ್ನ ಕೈಯನ್ನು ತೆಗೆದುಕೊಂಡು ಒಂದನ್ನು ಮಾವನ ತೊಡೆಯ ಮೇಲೆ, ಇನ್ನೊಂದನ್ನು ಮೀನಖಂಡದ ಮೇಲೆ ಇಟ್ಟು, ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿದರು. ಮಾವ ಕಿರುಚಿದ. ನಾನು ಕೈ ತೆಗೆದುಬಿಟ್ಟೆ. "ಕೈ ತೆಗೀಬೇಡ. ಒತ್ತೋದು ನಿಲ್ಲಿಸು, ಕೈ ಅಲ್ಲೇ ಇರಲಿ" ಎಂದರು. ಇಡೀ ವೃತ್ತಿಜೀವನದಲ್ಲಿ ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದ ಪಾಠ ಇನ್ನೊಂದಿಲ್ಲ.

"ಮನೇಲಿ ಕಾಲಲ್ಲಿ ತುಳಿಯೋ ಹೊಲಿಗೆ ಮಷೀನು ಇದೆಯಾ?" ಎಂದು ಕೇಳಿದರು. ಎರಡೂ ಪಾದಗಳನ್ನು ಇಟ್ಟು ತುಳಿದರೆ ಒಳ್ಳೆಯ ಕಾಲು ಕೆಟ್ಟ ಕಾಲನ್ನು ಎಳೆದುಕೊಂಡು ಹೋಗುತ್ತದೆ, ಕೂರುವ ಸ್ಟೂಲನ್ನು ದಿನದಿನಕ್ಕೆ ಮುಂದಕ್ಕೆ ಸರಿಸುತ್ತ ಬಂದರೆ ಮೊಣಕಾಲು ತನಗೆ ಗೊತ್ತಿಲ್ಲದೆಯೇ ಮಡಿಸಿಕೊಳ್ಳುತ್ತದೆ ಎಂದರು. ಮದ್ರಾಸಿನಲ್ಲಿ ಇದಕ್ಕೆಂದೇ ಒಂದು ಕೋಣೆ ಇತ್ತಂತೆ. ನಾವು ಹೊರಡುವಾಗ, "ಬಿ.ಎಸ್ಸಿ. ಅಂದೆಯಲ್ಲ, ಇದನ್ನೇ ಕಲಿಸೋ ಶಾಲೆ ಬೊಂಬಾಯಲ್ಲಿ ಇದೆ. ಪದವಿ ಆದವರನ್ನ ತಗೋತಾರೆ. ಫಿಸಿಯೋಥೆರಪಿ ಅಂತ. ಯೋಚನೆ ಮಾಡು" ಎಂದರು. ಕೊರಟಗೆರೆಯ ಮೇಲೆ ತುಮಕೂರಿಗೆ ಹೋಗುವ ಬಸ್ಸಿನಲ್ಲಿ ಎಷ್ಟೋ ಸಲ ಆ ಆಸ್ಪತ್ರೆಯ ಮುಂದೆ ಹಾದುಹೋಗಿದ್ದೆ. ಅದರೊಳಗೆ ನನ್ನ ಜೀವನದ ದಾರಿ ಇದ್ದೀತು ಎಂದು ಅನಿಸಿರಲಿಲ್ಲ.

ಹುಲಿಕುಂಟೆಯಲ್ಲಿ ಹೊಲಿಗೆ ಮಷೀನು ಇರಲಿಲ್ಲ. ಸಿರಾದಲ್ಲಿ ನಮಗೆ ಕಡಲೆಕಾಯಿ ಮೂಟೆ ಇಡುವ ಒಂದು ಕೋಣೆ ಇತ್ತು. ಅದರ ಪಕ್ಕದ ಬೀದಿಯಲ್ಲೇ ಮಾವನ ಹಳೆಯ ಸ್ನೇಹಿತರಾದ ದರ್ಜಿ ಸಾಹೇಬರ ಅಂಗಡಿ. ನಮ್ಮ ಮನೆಯ ಮೂರು ತಲೆಮಾರಿನ ಮದುವೆ ಬಟ್ಟೆಗಳನ್ನು ಹೊಲಿದ ಮನೆತನ. ಅಮ್ಮನನ್ನು ಊರಿನ ಮನೆ ನೋಡಿಕೊಳ್ಳಲು ಬಿಟ್ಟು, ನಾನೂ ಅತ್ತೆಯೂ ಮಾವನೂ ಮೂಟೆಗಳನ್ನು ಒಂದು ಮೂಲೆಗೆ ಸರಿಸಿ ಆ ಕೋಣೆಯಲ್ಲಿ ಇಳಿದುಕೊಂಡೆವು. ವಿಷಯ ಕೇಳಿದ ಸಾಹೇಬರು ತಮ್ಮ ಎರಡು ಮಷೀನುಗಳಲ್ಲಿ ಹಳೆಯದರ ಪಟ್ಟಿ ಕಳಚಿ, ಸೂಜಿ ತೆಗೆದು, ಬಾಗಿಲ ಹತ್ತಿರ ಗಾಳಿ ಬರುವ ಕಡೆ ಇಟ್ಟುಕೊಟ್ಟರು. ಅದರಿಂದ ಅವರಿಗೆ ಆದ ನಷ್ಟವನ್ನು ಅವರು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಮೊದಲ ದಿನ ಮಾವ ಬೆವರಿ ಒದ್ದೆಯಾದ. ಪಾದ ಹಲಗೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ.

"ಅರೇ ಗೌಡ್ರೇ, ಎತ್ತು ಹೊಡೆದಂಗೆ ಒದೀಬ್ಯಾಡ್ರಿ. ಮಷೀನು ಹೆಣ್ಮಗಳಿದ್ದಂಗೆ, ಪ್ಯಾರ್ ಸೆ, ಪ್ಯಾರ್ ಸೆ" ಎಂದರು ಸಾಹೇಬರು.

"ನಿಮ್ ಮಷೀನು ನನ್ ಮಾತು ಕೇಳಾಕಿಲ್ಲ ಕಣ್ ಸಾಬ್ರೇ. ಉರ್ದುವಿನಾಗೆ ಹೇಳ್ಬೇಕೇನೋ."

"ನಿಮ್ ಕಾಲು ನಿಮ್ ಮಾತೇ ಕೇಳಾಕಿಲ್ಲ, ನನ್ ಮಷೀನ್ ಮ್ಯಾಲೆ ಯಾಕೆ ದೂರು?"

ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಪೇಟ ಸುತ್ತಿದ ದೊಡ್ಡ ಮೀಸೆಯ ಗೌಡ ದರ್ಜಿಯ ಅಂಗಡಿಯಲ್ಲಿ ಬಟ್ಟೆಯೂ ಇಲ್ಲದ ದಾರವೂ ಇಲ್ಲದ ಮಷೀನನ್ನು ತುಳಿಯುವುದು ಸಿರಾದಲ್ಲಿ ಯಾರೂ ಕಂಡಿರಲಿಲ್ಲ. ಬುಕ್ಕಾಪಟ್ಟಣದಿಂದ ಸಂತೆಗೆ ಬಂದ ನೆಂಟನೊಬ್ಬ ನಿಂತು, "ಭಾವ, ನಂಗೊಂದು ಅಂಗಿ ಹೊಲ್ಕೊಡ್ತೀಯಾ?" ಎಂದು ಕಿಚಾಯಿಸಿದ. "ಬಟ್ಟೆ ತಂದ್ಕೊಡ್ಲಾ, ನಿನ್ ಬಾಯೂ ಸೇರ್ಸಿ ಹೊಲ್ಕೊಡ್ತೀನಿ" ಎಂದು ಮಾವ ತುಳಿಯುತ್ತಲೇ ಹೇಳಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬಾವಿಯ ಘಟನೆಯಾದ ಮೇಲೆ ಮಾವ ಯಾರನ್ನಾದರೂ ಬಯ್ದದ್ದು ಅದೇ ಮೊದಲು. ನನಗೆ ಅಳು ಬಂತು.

ಬೆಳಗ್ಗೆ ಕೋಣೆಯಲ್ಲಿ ನಾನು ಕೈಯಿಂದ ಮಡಿಸುವುದು, ಮಧ್ಯಾಹ್ನದಿಂದ ಅಂಗಡಿಯಲ್ಲಿ ತುಳಿಯುವುದು. ಬೆಳಗಿನ ಹೊತ್ತು ಅವನ ಕೂಗು ಬೀದಿಗೆ ಕೇಳುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಸಾಕು ಬುಡೇ, ಕೊಂದ್ಹಾಕ್ತೀಯಾ ಅವರನ್ನ" ಎಂದು ನನ್ನನ್ನು ಶಪಿಸುತ್ತಿದ್ದಳು. ಶಪಿಸಿ, ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿ ತಂದುಕೊಡುತ್ತಿದ್ದಳು. ಸ್ಟೂಲು ಒಂದೊಂದು ಬೆರಳಿನಷ್ಟು ಮುಂದಕ್ಕೆ ಸರಿಯಿತು.

ಈ ನಡುವೆ ಬೊಂಬಾಯಿಯಿಂದ ಅರ್ಜಿ ಬಂತು. ಡಾಕ್ಟರಮ್ಮನೇ ತರಿಸಿಕೊಟ್ಟಿದ್ದರು. ಪೋಷಕರು ಒಪ್ಪಿ ರುಜು ಹಾಕಬೇಕೆಂದು ಅದರಲ್ಲಿತ್ತು. ನನಗೆ ಪೋಷಕ ಎಂದರೆ ಮಾವನೇ. ತಲುಪಬೇಕಾದ ಕೊನೆಯ ದಿನ ಹತ್ತಿರವೇ ಇತ್ತು. ಆ ವರ್ಷ ತಪ್ಪಿದರೆ ಮುಂದಿನ ವರ್ಷಕ್ಕೆ ನನ್ನ ಮದುವೆ ಮಾಡಿ ಮುಗಿಸಿರುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಊಟದ ಹೊತ್ತಿನಲ್ಲಿ ಹೇಳಿದೆ. ಅತ್ತೆ ಮುದ್ದೆ ಕಟ್ಟುತ್ತಿದ್ದವಳು ನಿಲ್ಲಿಸಿ ನೋಡಿದಳು.

"ಕಾಲು ಒತ್ತಾಕೆ ಕಾಲೇಜಾ? ಇವರಮ್ಮನ ಕಾಲು ಒತ್ತೀ ಒತ್ತೀ ನನ್ ಕೈ ಸವೆದು ಹೋದ್ವು ಕಣಮ್ಮ. ಹಂಗಾರೆ ನಂಗೂ ಒಂದು ಸಲ್ಟಿಪಿಕೇಟ್ ಕೊಡ್ಸು, ಗೋಡೆಗೆ ಹಾಕ್ಕೊಂತೀನಿ."

ಮಾವ ನಗಲಿಲ್ಲ. "ಡಾಕ್ಟ್ರು ಓದ್ತೀನಿ ಅನ್ನು, ಹೊಲ ಮಾರ್ತೀನಿ. ಮೇಷ್ಟ್ರಾಗ್ತೀನಿ ಅನ್ನು, ನಾಳೇನೇ ಸೇರುಸ್ತೀನಿ. ಇದು ಬ್ಯಾಡ."

"ನಿನ್ನ ಕಾಲು ಇದ್ರಿಂದಾನೇ ಬಂತಲ್ಲ ಮಾವ."

"ನನ್ ಕಾಲು ಮನೆ ಕಾಲು. ಊರೋರ ಕಾಲು, ಕಂಡೋರ ಕಾಲು ನೀನ್ಯಾಕ್ ಮುಟ್ಬೇಕು? ಗಂಡಸರ ಕಾಲು ಹಿಡಿಯೋ ಕೆಲಸ ಅಂದ್ರೆ ನಾಳೆ ನಿನ್ನ ಯಾವನ್ ಲಗ್ನ ಆಯ್ತಾನೆ? ನಮ್ಮಕ್ಕಂಗೆ ಏನಂತ ಮುಖ ತೋರ್ಸಲಿ?"

ಅವನು ಹೇಳಿದ್ದರಲ್ಲಿ ಕೋಪಕ್ಕಿಂತ ಹೆದರಿಕೆಯೇ ಹೆಚ್ಚು ಇತ್ತು. ಅರ್ಜಿಯನ್ನು ಮಡಿಸಿ ಟ್ರಂಕಿನಲ್ಲಿಟ್ಟೆ. ಆದರೂ ಅವನು ಮಷೀನು ತುಳಿಯುವ ಹೊತ್ತಿನಲ್ಲಿ ಆ ಕೊನೆಯ ಪುಟವನ್ನು ಕರಡು ಹಾಳೆಯ ಮೇಲೆ ಬರೆಯುವುದನ್ನು ಬಿಡಲಿಲ್ಲ. ಬರೆದದ್ದೆಲ್ಲ ಬಾವಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಹಗ್ಗ ಹರಿಯಿತು ಎಂದು ಬರೆದ ಮೇಲೆ ನನ್ನ ಅಕ್ಷರ ಓರೆಯಾಗುತ್ತಿತ್ತು. ಹಾಳೆ ಹರಿದು ಹಾಕುತ್ತಿದ್ದೆ.

ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಆಚೆ ಸಾಹೇಬರ ಮನೆ. ಅಲ್ಲಿ ಅವರ ವಯಸ್ಸಾದ ತಾಯಿ ಇದ್ದರು. ನಾವೆಲ್ಲ ಬೂಬಮ್ಮ ಎಂದು ಕರೆಯುತ್ತಿದ್ದೆವು. ಅವರಿಗೆ ಬಲತೋಳು ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಬೀಳಲಿಲ್ಲ, ಮುರಿಯಲಿಲ್ಲ, ತಾನಾಗಿ ನೋವು ಶುರುವಾಗಿ, ನೋವಿಗೆ ಹೆದರಿ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಕಟ್ಟಿಕೊಂಡದ್ದರಿಂದ ಇನ್ನೂ ಬಿಗಿದು ಹೀಗಾಗಿತ್ತು. ತಲೆ ಬಾಚಲು ಸೊಸೆ ಬೇಕು. ಪರದೆಯ ಹಿಂದಿನಿಂದ ಮಾವನ ಕಥೆಯನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಅವರು ಒಂದು ಮಧ್ಯಾಹ್ನ ಪರದೆ ಸರಿಸಿ ನನ್ನನ್ನು ಕರೆದರು.

"ಬೇಟೀ, ಗೌಡ್ರ ಕಾಲೇ ಸೀದಾ ಮಾಡಿದೀಯಂತೆ. ಈ ಬುಡ್ಡೀ ಕೈಗೂ ಏನಾರ ಮಾಡ್ತೀಯಾ?"

ಮಧುಗಿರಿಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿಕೊಂಡು ಬಂದೆ. ಅವರು ಹೇಳಿದ್ದು ಬಹಳ ಸರಳ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಗೋಡೆಯ ಮೇಲೆ ಹತ್ತಿಸಬೇಕು, ಎಲ್ಲಿಗೆ ನಿಂತಿತೋ ಅಲ್ಲಿ ಒಂದು ಗುರುತು ಹಾಕಬೇಕು, ಮಾರನೆಯ ದಿನ ಆ ಗುರುತು ದಾಟಲು ನೋಡಬೇಕು. ಬೂಬಮ್ಮ ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ತಾವೇ ಗುರುತು ಹಾಕುತ್ತಿದ್ದರು. ನಾನು ಭುಜ ಹಿಡಿದುಕೊಂಡಿರುತ್ತಿದ್ದೆ. "ಹಾಯ್ ಅಲ್ಲಾ, ನಕ್ಕೋ ನಕ್ಕೋ, ಮರ್ ಗಯೀ" ಎಂದು, ಬೇಡ ಬೇಡ ಸತ್ತೇಹೋದೆ ಎಂದು, ಅವರು ಕೂಗಿದರೆ ಪರದೆಯ ಈಚೆಯಿಂದ ಮಾವ, "ಬುಡಬ್ಯಾಡ ಕಣವ್ವ, ನನ್ನೇನ್ ಬುಟ್ಟಿದ್ಯಾ ನೀನು?" ಎಂದು ಕೂಗುತ್ತಿದ್ದ. ತಾನು ಒಬ್ಬನೇ ಅಲ್ಲ ಎಂಬುದು ಅವನಿಗೆ ಸಂತೋಷ ಕೊಟ್ಟಂತೆ ಕಾಣುತ್ತಿತ್ತು.

ಸುಣ್ಣದ ಗುರುತುಗಳು ಹೀಗೆ ಗೋಡೆಯ ಮೇಲೆ ಏಣಿಯಂತೆ ಏರಿದವು. ಒಂದು ಶುಕ್ರವಾರ ಸಾಹೇಬರು ಮಸೀದಿಯಿಂದ ಇನ್ನೂ ಬಂದಿರಲಿಲ್ಲ. ಅಂಗಡಿಯಲ್ಲಿ ಮಾವ ಒಬ್ಬನೇ ತುಳಿಯುತ್ತಿದ್ದ. ಒಳಗೆ ಬೂಬಮ್ಮ ನಮಾಜು ಮುಗಿಸಿ, ಕೂತಲ್ಲೇ ಎರಡೂ ಕೈಗಳನ್ನು ಎದೆಯ ಮುಂದೆ, ಆಮೇಲೆ ಮುಖದ ಮುಂದೆ, ಆಮೇಲೆ ಇನ್ನೂ ಮೇಲಕ್ಕೆ ಎತ್ತಿದರು. ನಾನು ಹಿಡಿಯಲು ಹೋದೆ, ಬೇಡ ಎಂದು ತಲೆಯಾಡಿಸಿದರು. ಎರಡೂ ಕೈ ಒಂದೇ ಎತ್ತರದಲ್ಲಿದ್ದವು. ಅವರು ಗಟ್ಟಿಯಾಗಿ ದುವಾ ಮಾಡತೊಡಗಿದರು. ಉರ್ದು ನನಗೆ ಅಷ್ಟಾಗಿ ತಿಳಿಯದು. ಮಗನ ಹೆಸರು, ಸೊಸೆಯ ಹೆಸರು, ನನ್ನ ಹೆಸರು, ಆಮೇಲೆ ಗೌಡ್ರು ಎಂಬ ಮಾತು, ಅವರ ಕಾಲಿಗೆ ಶಕ್ತಿ ಕೊಡು ಎಂಬ ಮಾತು ತಿಳಿಯಿತು. ಪರದೆಯ ಆಚೆ ಮಷೀನಿನ ಸದ್ದು ನಿಂತಿತ್ತು.

ಕೋಣೆಗೆ ವಾಪಸು ನಡೆದು ಬರುವಾಗ ಮಾವ ಕೋಲೂರಿಕೊಂಡು ಸ್ವಲ್ಪ ದೂರ ಬಂದ. ಆಮೇಲೆ ಕೇಳಿದ.

"ಆಯಮ್ಮ ಎರಡು ಕೈಯೂ ಎತ್ತುದ್ಲಾ?"

"ಎತ್ತಿದರು ಮಾವ."

"ನನ್ ಹೆಸರೂ ಹೇಳಿದಂಗಾಯ್ತು."

"ಹೇಳಿದರು."

ಮತ್ತೆ ಸ್ವಲ್ಪ ದೂರ ನಡೆದ. "ಅವರೇನು ನಮ್ ಮನೆಯೋರಾ?" ಎಂದ. ನನ್ನನ್ನು ಕೇಳಿದನೋ ತನ್ನನ್ನೇ ಕೇಳಿಕೊಂಡನೋ ಗೊತ್ತಾಗಲಿಲ್ಲ. ಕೋಣೆಯ ಬಾಗಿಲ ಹತ್ತಿರ ಬಂದಾಗ, "ಆ ಕಾಗದ ತಕ್ಕೊಂಬಾ. ರುಜು ಎಲ್ಲಿ ಹಾಕ್ಬೇಕೋ ತೋರ್ಸು. ಲಗ್ನದ ಮಾತು ಆಮ್ಯಾಲೆ ನೋಡ್ಕೊಳ್ಳಾನ" ಎಂದ. ಅತ್ತೆ ಒಳಗಿನಿಂದ, "ನನ್ ಸಲ್ಟಿಪಿಕೇಟ್ ಮರೀಬ್ಯಾಡ ಕಣೇ" ಎಂದಳು.

ರುಜು ಬಿತ್ತು. ಪುಟ ಮಾತ್ರ ಹಾಗೇ ಖಾಲಿ ಇತ್ತು. ಅಂಕಪಟ್ಟಿಯ ನಕಲುಗಳಿಗೆ ಅಧಿಕಾರಿಯ ಮೊಹರು ಹಾಕಿಸಲು ಮಧುಗಿರಿಗೆ ಹೋದಾಗ ಹರಿಯದೆ ಉಳಿದಿದ್ದ ಒಂದು ಕರಡನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಇನ್ನೂ ಆ ಹಗ್ಗದ ಸದ್ದು ಕೇಳುತ್ತಾ?"

"ದಿನಾ."

"ಕೇಳಲಿ ಬಿಡು. ಅದನ್ನ ಅಳಿಸೋಕೆ ಆಗಲ್ಲ. ಆದರೆ ಹಗ್ಗ ಹರಿದ ಮೇಲೆ ಏನೇನಾಯ್ತು ಅನ್ನೋದನ್ನ ನೀನು ಬರೆದೇ ಇಲ್ಲವಲ್ಲ. ಅವರಿಗೆ ಬೇಕಾಗಿರೋದು ಅದು. ಆ ಸ್ಟೂಲಿನಿಂದ ಶುರು ಮಾಡು."

ಅವರ ಕೋಣೆಯಲ್ಲೇ, ಹೊರಗೆ ರೋಗಿಗಳು ಕಾಯುತ್ತಿದ್ದಾಗಲೇ, ಮೇಜಿನ ಒಂದು ಮೂಲೆಯನ್ನು ನನಗೆ ಬಿಟ್ಟುಕೊಟ್ಟರು. ಪ್ರೀತಿಯಿಂದ ಮಲಗಿಸಿ ಒಂದು ಕಾಲನ್ನು ಹೇಗೆ ಕಟ್ಟಿಹಾಕಿದೆವು ಎಂಬುದನ್ನು ಬರೆದೆ. ದಾರವಿಲ್ಲದ ಮಷೀನಿನ ಬಗ್ಗೆ, ಸುಣ್ಣದ ಗುರುತುಗಳ ಬಗ್ಗೆ ಬರೆದೆ. ಬಾವಿಯದು ಒಂದೇ ವಾಕ್ಯ. ಇಂಗ್ಲಿಷಿನ ತಪ್ಪುಗಳನ್ನು ಅವರು ತಿದ್ದಲಿಲ್ಲ. ಅದೇ ದಿನ ಅಂಚೆಗೆ ಹಾಕಿದೆವು.

ಸಂದರ್ಶನಕ್ಕೆ ಕರೆ ಬಂದಾಗ ಮಾವನೇ ಜೊತೆಗೆ ಬಂದ. ಅರಸೀಕೆರೆಯಲ್ಲಿ ರೈಲು ಹತ್ತುವಾಗ ಮೆಟ್ಟಿಲಿನ ಮೇಲೆ ಅವನ ಬಲಗಾಲು ಮಡಿಸಿಕೊಂಡದ್ದನ್ನು ನಾನು ಹಿಂದೆ ನಿಂತು ನೋಡಿದೆ. ಬೊಂಬಾಯಿಯಲ್ಲಿ ಮೂವರು ನನ್ನನ್ನು ಪ್ರಶ್ನೆ ಕೇಳಿದರು. ಅವರಲ್ಲಿ ಒಬ್ಬಾಕೆ ಇಂಗ್ಲೆಂಡಿನವರು. "ಇನ್ನೊಬ್ಬರ ನೋವು ನೋಡಿದರೆ ನಿಮಗೆ ಭಯವಾಗುವುದಿಲ್ಲವೇ?" ಎಂದು ಕೇಳಿದರು. ಆಗುವುದಿಲ್ಲ ಎನ್ನುವುದೇ ಸರಿಯಾದ ಉತ್ತರವೆಂದು ಗೊತ್ತಿತ್ತು. ನನ್ನ ಬಾಯಿಂದ, "ಆಗುತ್ತದೆ. ಮಾವ ಕಿರುಚಿದಾಗಲೆಲ್ಲ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕೈ ಮಾತ್ರ ಅಲ್ಲೇ ಇಟ್ಟಿರುತ್ತಿದ್ದೆ" ಎಂದು ಬಂತು. ಮೂವರೂ ನಕ್ಕರು. ಸೀಟು ಹೋಯಿತು ಎಂದುಕೊಂಡು ಹೊರಗೆ ಬಂದೆ.

ಸೀಟು ಸಿಕ್ಕಿದ ಕಾಗದವನ್ನು ಅಂಚೆಯವನು ಸಿರಾದ ಅಂಗಡಿಗೇ ತಂದುಕೊಟ್ಟ, ನಾನು ಕೊಟ್ಟ ವಿಳಾಸ ಅದೇ. ಸಾಹೇಬರು ಅಂದು ಒಂದು ಬಿಳಿಯ ಕೋಟಿಗೆ ನನ್ನ ಅಳತೆ ತೆಗೆದುಕೊಂಡರು. ಅಲ್ಲಿ ಎಲ್ಲರೂ ಬಿಳಿ ಕೋಟು ಹಾಕುತ್ತಾರೆಂದು ಯಾರೋ ಅವರಿಗೆ ಹೇಳಿದ್ದರು. ಗುಂಡಿಯ ಕಾಜಗಳನ್ನು ಬೂಬಮ್ಮ ತಮ್ಮ ಬಲಗೈಯಿಂದಲೇ ಹೊಲಿದರು. ಹಣ ಎಂದರೆ ಸಾಹೇಬರು, "ಗೌಡ್ರು ನಮ್ ಅಂಗಡೀಲಿ ಇಷ್ಟು ದಿನ ಪುಕ್ಕಟೆ ಕೆಲಸ ಮಾಡವ್ರೆ, ಹಿಸಾಬ್ ಬರಾಬರ್" ಎಂದರು.

ಈ ವೃತ್ತಿಯಲ್ಲಿ ನನ್ನ ಕೈಗೆ ಬಂದ ಕೈಕಾಲುಗಳೆಷ್ಟೋ ಗೊತ್ತಿಲ್ಲ. ಸಿರಾದಲ್ಲಿ, ಮಧುಗಿರಿಯಲ್ಲಿ ನನ್ನನ್ನು ತಯಾರು ಮಾಡಿದ ಆ ಜನರಿಗೆ ನಾನು ತಕ್ಕಷ್ಟು ಕೃತಜ್ಞತೆ ಹೇಳಿದೆನೋ ಇಲ್ಲವೋ. ಹೇಳಿದರೂ ಅವರು ನಕ್ಕು, ಅದೇನು ದೊಡ್ಡ ವಿಷಯ ಎನ್ನುತ್ತಿದ್ದರು. ಆದರೆ ಸೀಟು ಸಿಕ್ಕಿದ ಸಂತೋಷ ನನಗೆ ನಿಜವಾಗಿ ತಿಳಿದದ್ದು ಶಾಲೆ ಶುರುವಾದ ಮೊದಲ ವಾರ.

ಅಲ್ಲಿ ಮೊದಲು ರೋಗಿಗಳನ್ನು ಮುಟ್ಟಲು ಬಿಡುತ್ತಿರಲಿಲ್ಲ. ನಾವೇ ಒಬ್ಬರಿಗೊಬ್ಬರು ರೋಗಿಗಳು. ಇಬ್ಬಿಬ್ಬರಂತೆ ಜೋಡಿ ಮಾಡಿ, ಒಬ್ಬಳು ಮಲಗಬೇಕು, ಇನ್ನೊಬ್ಬಳು ಅವಳ ಕಾಲು ಎತ್ತಿ ಮಡಿಸಬೇಕು. ನನ್ನ ಜೋಡಿಗೆ ಬಂದವಳು ಗುಜರಾತಿನ ಹುಡುಗಿ, ನನಗಿಂತ ಚಿಕ್ಕವಳು. ನನ್ನನ್ನು ಮಲಗಿಸಿದಳು. ನನ್ನ ಕಾಲು ಎತ್ತಿ, ಅಲುಗಾಡಿಸಿ, ಹುಬ್ಬುಗಂಟಿಕ್ಕಿದಳು. "ಇಷ್ಟೊಂದು ಬಿಗಿಯಾಗಿದ್ದೀಯಲ್ಲ, ಸಡಿಲ ಬಿಡು" ಎಂದಳು. ಬಿಟ್ಟಿದ್ದೇನೆ ಎಂದೆ. "ಇಲ್ಲ, ನೀನೇ ಎತ್ತಿಕೊಂಡಿದ್ದೀಯ. ನಾನು ಹಿಡಿದಿದ್ದೇನೆ, ಬಿಡು" ಎಂದಳು.

ಆಗ ಗೊತ್ತಾಯಿತು. ಅಷ್ಟು ತಿಂಗಳು ಮಾವನಿಗೆ, ಬೂಬಮ್ಮನಿಗೆ ಸಡಿಲ ಬಿಡಿ ಎನ್ನುತ್ತ, ನನ್ನ ಮೈಯನ್ನು ನಾನು ಒಂದು ದಿನವೂ ಬಿಟ್ಟಿರಲಿಲ್ಲ. ಹಗ್ಗ ಹರಿದ ದಿನದಿಂದ ಏನಾದರೂ ಬಡಿಯುತ್ತದೆಂದು ಕಾಯುತ್ತಲೇ ಇದ್ದೆ. ಕಣ್ಣು ಮುಚ್ಚಿದೆ. ಅವಳ ಎರಡು ಅಂಗೈಗಳು ನನ್ನ ಮೊಣಕಾಲಿನ ಹಿಂದೆ ಬೆಚ್ಚಗಿದ್ದವು. ಅವಸರ ಮಾಡಲಿಲ್ಲ ಅವಳು. ನನ್ನ ಕಾಲಿನ ಭಾರ ಮೆಲ್ಲಗೆ ಅವಳ ಕೈಗೆ ಇಳಿಯಿತು. ಪಾಠ ಹೇಳುವವರ ಧ್ವನಿ ದೂರವಾಯಿತು, ನನಗೆ ಅಲ್ಲೇ ನಿದ್ದೆ ಬಂತು. ಎಬ್ಬಿಸಿದಾಗ ಇಡೀ ತರಗತಿ ನಗುತ್ತಿತ್ತು, ಆ ಹುಡುಗಿ ಮಾತ್ರ ನನ್ನ ಕಾಲನ್ನು ಇನ್ನೂ ಹಿಡಿದುಕೊಂಡೇ ನಿಂತಿದ್ದಳು.